ಕಂಬ ಬಿಡಿ, ಕಿಟಕಿ ನೋಡಿ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಎದುರು ನಿಂತರೆ ಕಣ್ಣು ಮೊದಲು ಹೋಗುವುದು ಸಾಲುಗಂಬಗಳ ಮೇಲೆ. ಒಟ್ಟು 44, ತಲೆಯ ಎರಡೂ ಬದಿಗೆ ಸುರುಳಿ ಹೊತ್ತ ಅಯಾನಿಕ್ ಕಂಬಗಳು. ಪ್ರಾಚೀನ ಗ್ರೀಸಿನ ಗುಡಿಯೇ ಎದ್ದು ಬಂದಂತಿದೆ, ಕಟ್ಟಲು ತೊಡಗಿದ್ದು ಮಾತ್ರ 1823ರಲ್ಲಿ. ಅದಕ್ಕೂ ಇನ್ನೂರು ವರ್ಷ ಹಿಂದೆ, 1622ರಲ್ಲಿ, ಇನಿಗೊ ಜೋನ್ಸ್ ಕಟ್ಟಿ ಮುಗಿಸಿದ ಬ್ಯಾಂಕ್ವೆಟಿಂಗ್ ಹೌಸ್‌ನಲ್ಲೂ ಅಯಾನಿಕ್ ಕಂಬಗಳಿವೆ. ಹಾಗಾಗಿ ಬರೀ ಕಂಬ ನೋಡಿ ಕಾಲ ಹೇಳಹೊರಟರೆ ಕಷ್ಟ. ಒಂದು ಸುಳಿವು ಮಾತ್ರ ಕೈಕೊಡುವುದು ಕಡಿಮೆ: ಸುರುಳಿಯಿಲ್ಲದ ಸರಳ ತಲೆಯ ಡೋರಿಕ್ ಕಂಬ ಪೀಠವಿಲ್ಲದೆ ನೇರ ನೆಲದ ಮೇಲೆ ಊರಿದ್ದರೆ, ಆ ಕಟ್ಟಡ ಬಹುಮಟ್ಟಿಗೆ ಹದಿನೆಂಟನೆಯ ಶತಮಾನದ ನಡುವಿನಿಂದ ಈಚಿನದು. ಸ್ಟುವರ್ಟ್ ಮತ್ತು ರೆವೆಟ್ ಅಥೆನ್ಸಿನ ಅವಶೇಷಗಳನ್ನು ಅಳೆದು ಬಂದು 1762ರಲ್ಲಿ ಪುಸ್ತಕ ತಂದ ಮೇಲೆ ಹಬ್ಬಿದ ಗೀಳು ಅದು.

ಮಿಕ್ಕಂತೆ ನನ್ನ ಭರವಸೆಯೆಲ್ಲ ಕಿಟಕಿಯ ಮೇಲೆ. ಕಂಬ ಮಾಲೀಕನ ಇಷ್ಟ; ಕಿಟಕಿಯಲ್ಲಿ ಸರ್ಕಾರದ ಕೈಯೂ ಇತ್ತು. 1666ರ ಮಹಾ ಬೆಂಕಿಯ ಭಯ ಲಂಡನ್ನಿಗೆ ಬಹುಕಾಲ ಬಿಡಲಿಲ್ಲ. ಮರದ ಚೌಕಟ್ಟು ಗೋಡೆಯ ಹೊರಮೈಗೆ ಸಮನಾಗಿ ಕೂತಿದ್ದರೆ ಉರಿ ಮನೆಯಿಂದ ಮನೆಗೆ ದಾಟುತ್ತದೆಂದು, ಅದನ್ನು ನಾಲ್ಕು ಇಂಚು ಒಳಕ್ಕೆ ತಳ್ಳಿಸಿದ್ದು 1709ರ ಕಾನೂನು. 1774ರ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೇಲೆ ಕೆಳಗೆ ಜಾರುವ ಸ್ಯಾಶ್ ಕಿಟಕಿಯ ಹಗ್ಗ, ತೂಕದ ಗುಂಡುಗಳನ್ನು ಅಡಗಿಸುವ ಮರದ ಪೆಟ್ಟಿಗೆಯನ್ನೇ ಇಟ್ಟಿಗೆಯ ಹಿಂದೆ ಸರಿಸಿತು. ಆಮೇಲೆ ಹೊರಗಿನಿಂದ ಕಾಣುವ ಮರ ತೆಳ್ಳನೆಯ ಗೆರೆಯಷ್ಟೇ. ಲಂಡನ್ನಿನಾಚೆಯ ಊರುಗಳಿಗೆ ಈ ಕಾನೂನುಗಳು ಅನ್ವಯಿಸುತ್ತಿರಲಿಲ್ಲ. ಅಲ್ಲಿಯವರು ತಮಗೆ ಬೇಕೆನಿಸಿದಾಗ ಅನುಕರಿಸಿದರು. ಅಲ್ಲಿ ಇದೇ ಲೆಕ್ಕ ಹಿಡಿದರೆ ಕೆಲವು ದಶಕ ಅತ್ತಿತ್ತ ಆದೀತು.

ಗಾಜೂ ಮಾತಾಡುತ್ತದೆ. ಊದಿದ ಗಾಜನ್ನು ಗಿರ್ರನೆ ತಿರುಗಿಸಿ ದೊಡ್ಡ ತಟ್ಟೆಯಾಗಿಸಿ, ಅದರಿಂದ ಬಿಲ್ಲೆ ಕತ್ತರಿಸುತ್ತಿದ್ದ ಕಾಲದಲ್ಲಿ ಬಿಲ್ಲೆಗಳು ಚಿಕ್ಕವು, ಬೆಳಕು ಬಿದ್ದಾಗ ಸಣ್ಣಗೆ ಅಲೆಯಾಡುವಂಥವು. ಮೇಲಾರು, ಕೆಳಗಾರು ಬಿಲ್ಲೆಯ, ಹದಿನೆಂಟನೆಯ ಶತಮಾನದ ಜಾರ್ಜಿಯನ್ ಕಿಟಕಿ ಹುಟ್ಟಿದ್ದು ಹೀಗೆ. ಅವುಗಳ ನಡುವಿನ ಮರದ ಪಟ್ಟಿ ಮೊದಲು ದಪ್ಪ, ಶತಮಾನದ ಕೊನೆಗೆ ಬೆರಳಿಗಿಂತ ಸಪೂರ. 1845ರಲ್ಲಿ ಗಾಜಿನ ಸುಂಕ ಹೋದದ್ದೇ ತಡ, ದೊಡ್ಡ ಹಾಳೆ ಗಾಜು ಬಂದು ನಡುಪಟ್ಟಿಗಳು ಮಾಯವಾದವು. ಗಾಜು ಭಾರವಾಯಿತು, ಚೌಕಟ್ಟಿನ ಸಂದು ಬಾಯಿಬಿಡತೊಡಗಿತು. ಬಡಗಿಗಳು ಮೇಲಿನ ಚೌಕಟ್ಟಿನ ಪಕ್ಕದ ಮರವನ್ನು ಕೆಳಮೂಲೆಗಳಲ್ಲಿ ಕೊಂಬಿನಂತೆ ಇಳಿಬಿಟ್ಟು ಬಿಗಿ ಕೊಟ್ಟರು. ಆ ಕೊಂಬು ಕಂಡರೆ ಗೋಡೆ ಎಷ್ಟೇ ಹಳತಿರಲಿ, ಕಿಟಕಿ ಹೆಚ್ಚಾಗಿ ವಿಕ್ಟೋರಿಯಾ ಕಾಲದ್ದು ಅಥವಾ ಈಚಿನದು.

ಇಟ್ಟಿಗೆ ತುಂಬಿ ಮುಚ್ಚಿದ ಕಿಟಕಿ ಕಂಡಲ್ಲೆಲ್ಲ 1696ರಿಂದ 1851ರವರೆಗಿದ್ದ ಕಿಟಕಿ ತೆರಿಗೆಯ ಕತೆ ಹೇಳುವವರಿದ್ದಾರೆ. ಕೆಲವು ನಿಜ. ಆದರೆ ಎಡಬಲ ಸಮ ಕಾಣಲೆಂದು ಮೊದಲಿಂದಲೂ ಕುರುಡಾಗಿಯೇ ಕಟ್ಟಿದವು ಬೇಕಾದಷ್ಟಿವೆ. ಮುಂಭಾಗದ ಈ ಹಟ ಪೂರ್ತಿ ಗೊತ್ತಾಗಬೇಕಾದರೆ ಬಾತ್ ನಗರದ ರಾಯಲ್ ಕ್ರೆಸೆಂಟ್‌ಗೆ ಹೋಗಬೇಕು. 1767–74ರಲ್ಲಿ ಜಾನ್ ವುಡ್ ಕಿರಿಯ ಕಟ್ಟಿದ, ಬಿಲ್ಲಿನಂತೆ ಬಾಗಿದ 30 ಮನೆಗಳ ಸಾಲು. ಕೊಂಡವರಿಗೆ ಸಿಕ್ಕಿದ್ದು ಮುಂಗೋಡೆಯ ಒಂದು ಪಾಲು; ಹಿಂದಿನ ಮನೆ ಅವರವರ ಇಷ್ಟದ್ದು. ಹಿಂದಕ್ಕೆ ಸುತ್ತಿ ಹೋದರೆ ಒಂದರ ಚಾವಣಿ ಎತ್ತರ ಇನ್ನೊಂದಕ್ಕಿಲ್ಲ, ಒಂದು ಮನೆ ಮುಂದೆ ಚಾಚಿದೆ, ಪಕ್ಕದ್ದು ಹಿಂದೆ ಸರಿದಿದೆ.