ಹೆಬ್ಬೆರಳಿನ ನೆಲ

ಪುರಾಣದ ನಂಟಿರುವ ಸ್ಥಳ ನಿಶ್ಶಬ್ದವಾಗಿದ್ದಷ್ಟೂ ಪುರಾಣ ಅಲ್ಲಿ ಹತ್ತಿರವಾಗುತ್ತದೆ ಎಂಬ ನಂಬಿಕೆ ಯಾತ್ರಿಕರಲ್ಲಿಯೂ ಪ್ರವಾಸಿಗರಲ್ಲಿಯೂ ಆಳವಾಗಿ ಬೇರೂರಿದೆ. ಗ್ರೀಸಿನ ಡೆಲೋಸ್ ದ್ವೀಪ ಈ ನಂಬಿಕೆಗೆ ತಕ್ಕಂತಿರುವ ನೆಲ. ಹೆರಾ ದೇವಿಯ ಕೋಪಕ್ಕೆ ಅಂಜಿ ಬೇರಾವ ನಾಡೂ ಆಶ್ರಯ ಕೊಡದಿದ್ದಾಗ ಲೀಟೊ ಎಂಬ ದೇವತೆ ಇಲ್ಲಿ ಅಪೊಲೊ ದೇವನನ್ನು ಹೆತ್ತಳೆಂಬುದು ಅದರ ಸ್ಥಳಪುರಾಣ, ಅಂದರೆ ಕಥೆಯೊಂದನ್ನು ಗೊತ್ತಾದ ನೆಲಕ್ಕೆ ಸೇರಿಸಿ ಹೇಳುವ ಐತಿಹ್ಯ. ಕಾವಲಿನವರನ್ನೂ ಉತ್ಖನನದ ಕೆಲಸದವರನ್ನೂ ಬಿಟ್ಟರೆ ಇಂದು ಅಲ್ಲಿ ಯಾರೂ ನೆಲೆಸಿಲ್ಲ. ಮೈಕೊನೋಸ್‌ನಿಂದ ದೋಣಿಯಲ್ಲಿ ಬಂದವರು ಅಂದೇ ಮರಳಬೇಕು.

ಆದರೆ ಈ ಮೌನ ಪುರಾಣದಿಂದ ಬಂದುದಲ್ಲ. ಕ್ರಿ.ಪೂ. 426ರ ಸುಮಾರಿಗೆ ಅಥೆನ್ಸಿನವರು ಅಲ್ಲಿನ ಗೋರಿಗಳನ್ನು ಅಗೆದು ತೆಗೆಸಿ, ಇನ್ನು ಮುಂದೆ ದ್ವೀಪದಲ್ಲಿ ಯಾರೂ ಹುಟ್ಟಕೂಡದು, ಸಾಯಕೂಡದು ಎಂದು ವಿಧಿಸಿದರು. ಮುಂದೆ ರೋಮನರ ಕಾಲದಲ್ಲಿ ಸುಂಕವಿಲ್ಲದ ಬಂದರಾದ ಅದೇ ಪವಿತ್ರ ನೆಲ ಗುಲಾಮರ ದೊಡ್ಡ ಸಂತೆಯೂ ಆಯಿತು; ದಿನವೊಂದಕ್ಕೆ ಹತ್ತು ಸಾವಿರ ಗುಲಾಮರನ್ನು ಇಳಿಸಿಕೊಂಡು ಸಾಗಿಸುವ ಶಕ್ತಿ ಅದಕ್ಕಿತ್ತೆಂದು ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಕ್ರಿ.ಪೂ. 88 ಮತ್ತು 69ರ ದಾಳಿಗಳ ನಂತರ ಊರು ಕ್ರಮೇಣ ಬರಿದಾಯಿತು. ಹೀಗಿರುವಾಗ ಅಲ್ಲಿನ ನೀರವತೆಯನ್ನು ದೇವತೆಗಳ ಸಾನ್ನಿಧ್ಯವೆಂದು ಅನುಭವಿಸುವವರು, ಮಾರಾಟವಾದವರ ದನಿ ಅಡಗಿದ್ದರಿಂದ ಉಂಟಾದ ಶಾಂತಿಯನ್ನೇ ಪಾವಿತ್ರ್ಯವೆಂದು ಭಾವಿಸುವ ಅಪಾಯವಿದೆ.

ಇದಕ್ಕೆ ತದ್ವಿರುದ್ಧವಾದ ನೆಲ ದೆಹಲಿಯ ನೆರೆಯಲ್ಲಿದೆ. ಪಾಂಡವರು ದ್ರೋಣಾಚಾರ್ಯನಿಗೆ ಕೊಟ್ಟ ಊರೆಂಬ ಐತಿಹ್ಯವನ್ನು ನೆಚ್ಚಿ ಹರಿಯಾಣ ಸರ್ಕಾರ 2016ರಲ್ಲಿ ಗುಡಗಾಂವ್ ಹೆಸರನ್ನು ಗುರುಗ್ರಾಮವೆಂದು ಬದಲಿಸಿತು. ಆದರೆ ಅದೇ ಗುರುಗ್ರಾಮದ ಖಾಂಡ್ಸಾದಲ್ಲಿ ಏಕಲವ್ಯನಿಗೂ ಒಂದು ಪುಟ್ಟ ಗುಡಿಯಿದೆ, ಅವನು ಹೆಬ್ಬೆರಳು ಕೊಯ್ದುಕೊಟ್ಟದ್ದು ಅಲ್ಲಿಯೇ ಎಂದು ಜನ ಹೇಳುತ್ತಾರೆ. ಗುರುವಿನ ಹೆಸರು ನಗರಕ್ಕೆ ಸಂದಿತು, ಶಿಷ್ಯನಿಗೆ ಉಳಿದದ್ದು ಆ ಗುಡಿ. ಅದೇ ಜಿಲ್ಲೆಯ ಮಾನೇಸರ್‌ನಲ್ಲಿ ಕಾರು, ಬೈಕುಗಳ ಕಾರ್ಖಾನೆಗಳೂ ಅವುಗಳಿಗೆ ಬಿಡಿಭಾಗ ಒದಗಿಸುವ ಘಟಕಗಳೂ ಕಿಕ್ಕಿರಿದಿದ್ದು, ಮೌನವೆಂಬುದು ಅಲ್ಲಿ ಹುಡುಕಿದರೂ ಸಿಗದು.

ಆ ಘಟಕಗಳ ಪವರ್ ಪ್ರೆಸ್ ಎಂಬ ಯಂತ್ರದ ಮುಂದೆ ಕೂತವನು ಲೋಹದ ತಗಡನ್ನು ಅಚ್ಚಿನ ಕೆಳಗಿಟ್ಟು, ಕಾಲಿನಿಂದ ಪೆಡಲ್ ಒತ್ತಿ, ಮೇಲಿನ ಭಾರ ಎರಗಿ ಎದ್ದ ಕೂಡಲೇ ಒತ್ತಿದ ತುಂಡನ್ನು ಕೈಯಿಂದ ಹೊರತೆಗೆಯುತ್ತಾನೆ. ರಕ್ಷಣೆಯ ಸೆನ್ಸರ್ ಇಲ್ಲದ ಅಥವಾ ಕೆಟ್ಟ ಯಂತ್ರ ಒಂದೇ ಒತ್ತಿಗೆ ಎರಡು ಸಲ ಎರಗಿದರೆ ಬೆರಳು ಒಳಗೇ ಉಳಿಯುತ್ತದೆ. ಹೀಗೆ ಬೆರಳು ಕಳೆದುಕೊಂಡವರ ಸಂಗತಿಯನ್ನು ಸೇಫ್ ಇನ್ ಇಂಡಿಯಾ ಸಂಸ್ಥೆ 2019ರಿಂದ 'ಕ್ರಶ್ಡ್' ಎಂಬ ವರದಿಗಳಲ್ಲಿ ದಾಖಲಿಸುತ್ತ ಬಂದಿದೆ.

ಏಕಲವ್ಯ ತಿಳಿದೇ ಕೊಟ್ಟ, ಕಾರ್ಮಿಕ ತಿಳಿಯದೆ ಕಳೆದುಕೊಂಡ, ಆದ್ದರಿಂದ ಇವೆರಡನ್ನೂ ಹೋಲಿಸಲಾಗದು ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ನಿಜಾಂಶವಿದೆ. ಆದರೆ ಕಥೆಯ ತಿರುಳು ಕೊಟ್ಟವನ ಮನಸ್ಸಿನಲ್ಲಿ ಮಾತ್ರವಿಲ್ಲ, ಕೇಳಿದವನ ಅಧಿಕಾರದಲ್ಲಿಯೂ ಇದೆ: ಕಲಿಸಲು ಒಲ್ಲದವನು ಕಲಿತವನಿಂದ ದಕ್ಷಿಣೆ ಪಡೆದ, ಅದೂ ಕಲಿತ ವಿದ್ಯೆಯೇ ನಿಂತಿದ್ದ ಬೆರಳನ್ನು. ಕುವೆಂಪು ತಮ್ಮ ನಾಟಕಕ್ಕೆ 'ಬೆರಳ್‌ಗೆ ಕೊರಳ್' ಎಂದು ಹೆಸರಿಟ್ಟು, ಆ ಬೆರಳಿನ ಲೆಕ್ಕವನ್ನು ಕುರುಕ್ಷೇತ್ರದಲ್ಲಿ ಕಡಿದುಬಿದ್ದ ದ್ರೋಣನ ಕೊರಳಿನವರೆಗೂ ಒಯ್ದರು. ಅವರಿಗೆ ಈ ಕಥೆ ಗುರುಭಕ್ತಿಯ ನಿದರ್ಶನವಾಗಿ ಮುಗಿಯುವಂಥದಾಗಿರಲಿಲ್ಲ.

ಪುರಾಣದ ಸ್ಥಳವನ್ನು ನೋಡಲು ಹೋಗುವವರು ಡೆಲೋಸ್‌ಗೆ ಖಂಡಿತ ಹೋಗಲಿ, ಅಲ್ಲಿನ ಅಮೃತಶಿಲೆಯ ಸಿಂಹಗಳ ಮುಂದೆ ನಿಲ್ಲಲಿ. ಅವು ಆ ಗೌರವಕ್ಕೆ ಅರ್ಹವಾದವು. ಆದರೆ ಖಾಂಡ್ಸಾದ ಗುಡಿಗೆ ಹೋದವರು ಅಷ್ಟಕ್ಕೇ ಹಿಂದಿರುಗದೆ ಮಾನೇಸರ್‌ಗೂ ಹೋಗಿ, ಪಾಳಿ ಮುಗಿಸಿ ಗೇಟಿನಿಂದ ಹೊರಬರುವವರ ಕೈಗಳನ್ನು ನೋಡುವಷ್ಟು ಹೊತ್ತು ನಿಲ್ಲಬೇಕು.