ಇಂದಿನ ಧಮ್ಮ ಚಿಂತನೆ: ಜಾತಿ ಕೇಳದ ಊಟದ ಸಾಲು



ನಮ್ಮ ನಾಡಿನಲ್ಲಿ ಒಂದು ಪ್ರಶ್ನೆ ನಾವು ಹೋದಲ್ಲೆಲ್ಲ ನಮಗಾಗಿ ಕಾದು ಕುಳಿತಿರುತ್ತದೆ: 'ನೀವು ಯಾವ ಪೈಕಿ?' ಬಾಡಿಗೆ ಮನೆ ಕೇಳಲು ಹೋದರೆ ಅದು 'ನೀವು ವೆಜ್ಜಾ, ನಾನ್‌ವೆಜ್ಜಾ?' ಎಂದು ವೇಷ ಹಾಕಿ ಬರುತ್ತದೆ. ವರ್ಗವಾಗಿ ಹೊಸ ಶಾಲೆಗೆ ಹೋದರೆ 'ಊರಲ್ಲಿ ನಿಮ್ಮ ಮನೆ ಎಲ್ಲಿ ಬರುತ್ತೆ ಮೇಡಂ?' ಎಂದು ಬರುತ್ತದೆ.

ಈ ಪ್ರಶ್ನೆ ಇಲ್ಲದ ಒಂದು ರಾತ್ರಿಯನ್ನು ನಾನು ಶ್ರೀಲಂಕಾದಲ್ಲಿ ಕಂಡೆ. ಬೇಸಿಗೆ ರಜೆ, ವೈಶಾಖ ಹುಣ್ಣಿಮೆ, ನನ್ನ ಮೊದಲ ವಿದೇಶ ಪ್ರಯಾಣ. ಕಟುನಾಯಕೆ ವಿಮಾನ ನಿಲ್ದಾಣದಿಂದ ಹೊರಗೆ ಬಂದರೆ ರಾತ್ರಿಯಲ್ಲೂ ಮೈಗೆ ಅಂಟುವ ಸೆಕೆ, ಸಾಲು ತೆಂಗು. ನೆಗೊಂಬೊ ಕಡಲತೀರದ ಹೋಟೆಲಿಗೆ ಹೋಗುವ ದಾರಿಯಲ್ಲಿ ಮನೆಮನೆಯ ಮುಂದೆ ಬಣ್ಣದ ಕಾಗದದ ವೆಸಾಕ್ ದೀಪಗಳು. ಹುಡುಗರು ಬಾವುಟ ಬೀಸಿ ನಮ್ಮ ವ್ಯಾನ್ ನಿಲ್ಲಿಸಿದರು. ಏನೋ ತಕರಾರು ಎಂದು ಹೆದರಿದೆವು. ಅವರು ಕರೆದದ್ದು ಊಟಕ್ಕೆ! ಅದನ್ನು 'ದನ್ಸಲ' ಎನ್ನುತ್ತಾರೆ. ನಮ್ಮ 'ದಾನಶಾಲೆ'ಯೇ. ವೆಸಾಕ್ ದಿನಗಳಲ್ಲಿ ದಾರಿಹೋಕರೆಲ್ಲರಿಗೂ ಅಲ್ಲಿ ಊಟ, ಪಾನಕ ಪುಕ್ಕಟೆ.

ಬಿಸಿ ಅನ್ನ, ಬೇಳೆ ಸಾರು. ನಮ್ಮ ಡ್ರೈವರ್, ಚಡ್ಡಿ ತೊಟ್ಟ ಬಿಳಿಯ ಪ್ರವಾಸಿಗರು, ಮಗು ಎತ್ತಿಕೊಂಡ ತಾಯಿ, ನಾವು, ಎಲ್ಲರೂ ಒಂದೇ ಸಾಲು. ಯಾರೂ ಏನೂ ಕೇಳಲಿಲ್ಲ. ನನ್ನ ಅಪ್ಪ ಊರ ಗೌಡರ ಮನೆಯ ಮದುವೆಗಳಲ್ಲಿ ಎಲ್ಲರ ಪಂಕ್ತಿ ಮುಗಿಯುವವರೆಗೆ ಹಿತ್ತಿಲಲ್ಲಿ ಕಾದು ಉಂಡವರು. ಆ ತಟ್ಟೆ ಕೈಗೆ ಬಂದಾಗ ಅಪ್ಪ ನೆನಪಾದರು.

ಹಾಗಾದರೆ ಬೌದ್ಧರ ನಾಡಿನಲ್ಲಿ ಜಾತಿ ಸತ್ತಿದೆಯೇ? ಬಾಬಾಸಾಹೇಬರು 1950ರ ಮೇ ತಿಂಗಳಲ್ಲಿ ವಿಶ್ವ ಬೌದ್ಧ ಸಮ್ಮೇಳನಕ್ಕೆಂದು ಇದೇ ದ್ವೀಪಕ್ಕೆ ಹೋಗಿದ್ದರು. ಧಮ್ಮವು ಅಲ್ಲಿ ಎಷ್ಟರಮಟ್ಟಿಗೆ ಜನರ ಬದುಕಾಗಿದೆ ಎಂದು ನೋಡುವುದು ಅವರ ಉದ್ದೇಶವಾಗಿತ್ತು. ನಾವೂ ಹಾಗೆಯೇ ನೋಡಬೇಕು.

ಭಗವಾನರ ಬಳಿಗೆ ಶಾಕ್ಯ ರಾಜಕುಮಾರರು ದೀಕ್ಷೆಗೆ ಬಂದಾಗ ಅವರ ಕ್ಷೌರಿಕ ಉಪಾಲಿಯೂ ಜೊತೆಗಿದ್ದ. 'ನಮಗೆ ಕುಲದ ಅಹಂಕಾರ ಹೆಚ್ಚು, ಮೊದಲು ಇವನಿಗೆ ದೀಕ್ಷೆ ಕೊಡಿ, ನಾವು ಇವನಿಗೆ ತಲೆಬಾಗುವಂತಾಗಲಿ' ಎಂದು ರಾಜಕುಮಾರರೇ ಬೇಡಿದರು. ಭಗವಾನರು ಹಾಗೆಯೇ ಮಾಡಿದರು. ಮುಂದೆ ಮೊದಲ ಸಂಗೀತಿಯಲ್ಲಿ ವಿನಯವನ್ನು ಹೇಳಿದವನು ಆ ಉಪಾಲಿಯೇ.

1753ರಲ್ಲಿ ಲಂಕೆಯಲ್ಲಿ ಸಂಘ ಕ್ಷೀಣಿಸಿದ್ದಾಗ ಸಯಾಮಿನಿಂದ, ಅಂದರೆ ಇಂದಿನ ಥಾಯ್ಲೆಂಡಿನಿಂದ, ಒಬ್ಬ ಥೇರರು ಬಂದು ಕ್ಯಾಂಡಿಯಲ್ಲಿ ಉಪಸಂಪದೆ ಕೊಟ್ಟರು. ಅವರ ಹೆಸರೂ ಉಪಾಲಿ! ಆದರೆ ಕೆಲವೇ ವರ್ಷಗಳಲ್ಲಿ ಆ ಸಯಾಮ್ ನಿಕಾಯದ ಉಪಸಂಪದೆ ಗೊವಿಗಮ ಎಂಬ ಮೇಲ್ಜಾತಿಗೆ ಮಾತ್ರ ಮೀಸಲಾಯಿತು. ಆ ಕಟ್ಟು ಇಂದಿಗೂ ಪೂರ್ತಿ ಸಡಿಲವಾಗಿಲ್ಲ. ಹೊರಗುಳಿದ ಜಾತಿಗಳವರು ಅಂಗಲಾಚುತ್ತ ಕೂರಲಿಲ್ಲ. ಹಡಗು ಹತ್ತಿ ಬರ್ಮಾದ ಅಮರಪುರಕ್ಕೆ ಹೋಗಿ ಉಪಸಂಪದೆ ಪಡೆದು 1803ರಲ್ಲಿ ಮರಳಿದರು. ಅಮರಪುರ ನಿಕಾಯ ಹುಟ್ಟಿದ್ದು ಹೀಗೆ. ಅಲ್ಲಿನ ಪತ್ರಿಕೆಗಳ ವಧು-ವರರ ಜಾಹೀರಾತಿನಲ್ಲಿ ಈಗಲೂ 'ಗೊವಿ ಬೌದ್ಧ' ಎಂಬ ಮಾತು ಕಾಣುತ್ತದೆ.

ಬಂಧುಗಳೇ, ಅವರನ್ನು ದೂರಲು ಇದನ್ನು ಹೇಳುತ್ತಿಲ್ಲ. ದನ್ಸಲದ ಅನ್ನವೂ ನಿಜ, ಆ ಜಾಹೀರಾತೂ ನಿಜ. ಪರದೇಶದಲ್ಲಿ ನಮ್ಮ ಜಾತಿ ಯಾರಿಗೂ ಗೊತ್ತಿಲ್ಲದ್ದರಿಂದ ಮನಸ್ಸು ಹಗುರಾಗುತ್ತದೆ. ಆ ಹಗುರ ವೀಸಾ ಇರುವಷ್ಟು ದಿನ ಮಾತ್ರ. ಗೊತ್ತಿದ್ದೂ ಕೇಳದಿರುವುದು, ಗೊತ್ತಿದ್ದೂ ಪಕ್ಕದಲ್ಲಿ ಕೂತು ಉಣ್ಣುವುದು, ಗೊತ್ತಿದ್ದೂ ಮಗಳನ್ನು ಕೊಡುವುದು, ಇದು ಧಮ್ಮ.

ನಮ್ಮ ಮನೆಗಳನ್ನೇ ನೋಡಿಕೊಳ್ಳೋಣ. ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಪಟ. ನಾಲಿಗೆಯ ಮೇಲೆ 22 ಪ್ರತಿಜ್ಞೆ. ಸಂಬಂಧ ನೋಡುವಾಗ ಮಾತ್ರ 'ಅವರು ಎಡಗೈನವರಾ, ಬಲಗೈನವರಾ?' ಎಂಬ ಪಿಸುಮಾತು. ಒಳಮೀಸಲಾತಿಯ ಲೆಕ್ಕ ಸರ್ಕಾರದ ಕಡತಕ್ಕೆ ಬೇಕು, ನ್ಯಾಯ ಹಂಚಲು ಅದು ಇರಲಿ. ಪ್ರತಿಜ್ಞೆ ಮಾಡಿದ ನಮ್ಮ ಅಡುಗೆಮನೆಗೆ, ಮದುವೆ ಚಪ್ಪರಕ್ಕೆ ಅದು ಯಾಕೆ ಬೇಕು?

ಇಂದಿನ ಸಂಕಲ್ಪ: ಹೊಸಬರನ್ನು ಭೇಟಿಯಾದಾಗ ಆ ಪ್ರಶ್ನೆಯನ್ನು ಯಾವ ವೇಷದಲ್ಲೂ ಕೇಳುವುದಿಲ್ಲ. ಈ ವಾರ ನಮ್ಮದಲ್ಲದ ಕೇರಿಯ ಒಂದು ಕುಟುಂಬವನ್ನು ಊಟಕ್ಕೆ ಕರೆಯುತ್ತೇನೆ.

ಸಾಧು, ಸಾಧು, ಸಾಧು.
ಜೈಭೀಮ್.