ಹಲವನ್ನು ಬಿಡದೆ ಒಂದನ್ನು ಹುಡುಕಿದವರು

ನಮ್ಮ ದೊಡ್ಡಪ್ಪ ವೇದಾಂತ ಓದಿಕೊಂಡವರು. ನಾನು ಸಾಗರದಲ್ಲಿ ಕಾಲೇಜು ಹುಡುಗರಿಗೆ ಸಸ್ಯಶಾಸ್ತ್ರ ಕಲಿಸುತ್ತಿದ್ದಾಗ ಮನೆಗೆ ಬಂದರೆ ಅವರದು ಒಂದೇ ಪ್ರಶ್ನೆ: "ಎಲ್ಲ ಒಂದೇ ಅಂದಮೇಲೆ ಹುಲ್ಲಿಗೊಂದು ಹೆಸರು, ಕಳೆಗೊಂದು ಹೆಸರು ಎಂತಕ್ಕೆ ಕೂಸೇ? ನಾಮರೂಪ ದಾಟಿ ಹೋಗೂದೇ ಅಲ್ದ ಜ್ಞಾನ?" ಕೆಣಕುವುದಕ್ಕೆ ಕೇಳಿದ ಮಾತಲ್ಲ ಅದು. ಅವರಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ನನಗೂ ಬೇಕಿತ್ತು. ನಾನು ಅದನ್ನು ಕಂಡುಕೊಂಡದ್ದು ಆಗ್ನೆಸ್ ಆರ್ಬರ್ ಎಂಬ ಇಂಗ್ಲಿಷ್ ಸಸ್ಯಶಾಸ್ತ್ರಜ್ಞೆಯ ಬದುಕಿನಲ್ಲಿ.

ಆರ್ಬರ್ ಹುಟ್ಟಿದ್ದು 1879ರಲ್ಲಿ, ಲಂಡನ್ನಿನಲ್ಲಿ. ತಂದೆ ಚಿತ್ರಕಾರರು, ಮಗಳಿಗೆ ಚಿಕ್ಕಂದಿನಲ್ಲೇ ಗೆರೆ ಎಳೆಯುವುದನ್ನು ಕಲಿಸಿದರು. ಮುಂದೆ ತಮ್ಮ ಪುಸ್ತಕಗಳ ಚಿತ್ರಗಳನ್ನು ಆಕೆ ತಾವೇ ಬರೆದುಕೊಂಡದ್ದು ಆ ಕಲಿಕೆಯ ಬಲದಿಂದ. ಶಾಲೆಯ ವಿಜ್ಞಾನ ಸಂಘಕ್ಕೆ ಬಂದು ಮಾತಾಡುತ್ತಿದ್ದ ಸಸ್ಯಶಾಸ್ತ್ರಜ್ಞೆ ಎಥೆಲ್ ಸಾರ್ಜಂಟ್ ಆರ್ಬರ್‌ಗೆ ಗುರುವಾದರು. ಸಾರ್ಜಂಟ್ ಯಾವ ವಿಶ್ವವಿದ್ಯಾಲಯದ ನೌಕರಿಯನ್ನೂ ಹಿಡಿಯದೆ ಮನೆಯಲ್ಲೇ ಪ್ರಯೋಗಾಲಯ ಕಟ್ಟಿಕೊಂಡಿದ್ದವರು. ಸಸಿಯನ್ನು ಸಾಲು ಸೆಕ್ಷನ್‌ಗಳಾಗಿ ಕತ್ತರಿಸಿ ನೋಡುವ ವಿದ್ಯೆಯನ್ನು ಆರ್ಬರ್ ಕಲಿತದ್ದು ಅಲ್ಲಿ.

ಈ ಕೆಲಸ ಮಾಡಿದವರಿಗೆ ಅದರ ತಾಳ್ಮೆ ಗೊತ್ತು. ಎಳೆಯ ಮೊಗ್ಗನ್ನು ಮೇಣದಲ್ಲಿ ಹುದುಗಿಸಬೇಕು. ಮೈಕ್ರೋಟೋಮ್ ಯಂತ್ರಕ್ಕೆ ಕೊಟ್ಟು ಕೂದಲಿಗಿಂತ ತೆಳ್ಳಗೆ ಕೊಯ್ಯಬೇಕು. ಬಂದ ಪಟ್ಟಿಯನ್ನು ಕ್ರಮ ತಪ್ಪದಂತೆ ಸ್ಲೈಡಿಗೆ ಏರಿಸಿ ಬಣ್ಣ ಹಚ್ಚಬೇಕು. ಒಂದು ಸೆಕ್ಷನ್ ತಿರುವುಮುರುವಾದರೂ ಸುಳ್ಳು ಹೂವೊಂದು ಕಣ್ಣಮುಂದೆ ನಿಲ್ಲುತ್ತದೆ. ಕೊನೆಗೆ ಆ ನೂರಾರು ಚೂರುಗಳನ್ನು ಮನಸ್ಸಿನಲ್ಲಿ ಮತ್ತೆ ಜೋಡಿಸಬೇಕು. ಇಡೀ ಹೂವು ಯಾವ ಒಂದು ಚೂರಿನಲ್ಲೂ ಇರುವುದಿಲ್ಲ, ಆದರೆ ಯಾವ ಚೂರನ್ನು ಬಿಟ್ಟರೂ ಹೂವು ಸಿಗುವುದಿಲ್ಲ. ದೊಡ್ಡಪ್ಪನ ಪ್ರಶ್ನೆಗೆ ಉತ್ತರದ ಮೊದಲ ಎಳೆ ನನಗೆ ಸಿಕ್ಕಿದ್ದು ಇಲ್ಲಿ. ಒಂದನ್ನು ಕಾಣುವುದಕ್ಕೆ ಹಲವನ್ನು ದಾಟಬೇಕು ಎನ್ನುತ್ತೇವೆ. ಆರ್ಬರ್ ಪಟ್ಟ ಶ್ರಮವನ್ನು ನೋಡಿದರೆ ದಾಟುವುದೆಂದರೆ ಒಂದೊಂದರ ಮೇಲೂ ಹೆಜ್ಜೆ ಇಟ್ಟು ನಡೆಯುವುದು.

1912ರಲ್ಲಿ ಅವರ ಮೊದಲ ಪುಸ್ತಕ ಬಂತು, ಯೂರೋಪಿನ ಹಳೆಯ ಮೂಲಿಕಾ ಗ್ರಂಥಗಳ ಚರಿತ್ರೆ. 1918ರಲ್ಲಿ ಗುರು ಸಾರ್ಜಂಟ್ ತೀರಿಕೊಂಡರು. ಅದೇ ವರ್ಷ ಪಳೆಯುಳಿಕೆ ಸಸ್ಯಗಳ ವಿದ್ವಾಂಸರಾಗಿದ್ದ ಪತಿಯೂ ಹೋದರು. ಮಗಳು ಮ್ಯೂರಿಯಲ್ ಆಗಿನ್ನೂ ಚಿಕ್ಕವಳು. ಆರ್ಬರ್ ತಾವು ನೆಲೆಸಿದ್ದ ಕೇಂಬ್ರಿಜ್‌ನಲ್ಲೇ ಉಳಿದರು. ಜಲಸಸ್ಯಗಳ ಪುಸ್ತಕ 1920ರಲ್ಲಿ, ಗುರುವಿನ ಕೈಯಿಂದ ತಾವು ವಹಿಸಿಕೊಂಡ ಏಕದಳ ಸಸ್ಯಗಳ ಪುಸ್ತಕ 1925ರಲ್ಲಿ ಬಂತು. 1927ರಲ್ಲಿ, ಅವರು ಕೆಲಸ ಮಾಡುತ್ತಿದ್ದ ಮಹಿಳಾ ಕಾಲೇಜಿನ ಪುಟ್ಟ ಪ್ರಯೋಗಾಲಯ ಮುಚ್ಚಿತು. ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ ಅವರಿಗೆ ಒಂದು ಮೇಜಿನ ಜಾಗವೂ ಸಿಗಲಿಲ್ಲ. ಮನೆಯ ಹಿಂದಿನ ಕೋಣೆಯೊಂದರಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ಒಬ್ಬರೇ ಕೆಲಸಕ್ಕೆ ಕೂತರು. ಧಾನ್ಯ, ಬಿದಿರು, ಹುಲ್ಲುಗಳ ಮೇಲಿನ 1934ರ ದೊಡ್ಡ ಪುಸ್ತಕ ಆ ಕೋಣೆಯ ಫಲ. 1946ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಆ ಗೌರವ ಪಡೆದ ಮೂರನೆಯ ಮಹಿಳೆ, ಸಸ್ಯಶಾಸ್ತ್ರದಿಂದ ಮೊದಲನೆಯವರು. ಅದೇ ಕೇಂಬ್ರಿಜ್ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಡತೊಡಗಿದ್ದು 1948ರಲ್ಲಿ!

ಅವರ ಚಿಂತನೆಯ ತಿರುಳು ಎಲೆಯಲ್ಲಿದೆ. ಎಲೆ ಎಂದರೇನು? ಮಲೆನಾಡಿನಲ್ಲಿ ಈ ಪ್ರಶ್ನೆ ಕೇಳುವುದು ಬಹಳ ಸುಲಭ. ನಮ್ಮ ಗುಡ್ಡಗಳ ತುಂಬ ನೆಟ್ಟಿರುವ ಅಕೇಶಿಯಾದ ಸಸಿಯನ್ನು ನೋಡಿ. ಮೊದಲು ಬರುವುದು ಹುಣಸೆಯಂತೆ ಸಣ್ಣ ಸಣ್ಣ ಎಸಳಿನ ಎಲೆ. ಸಸಿ ಬೆಳೆದಂತೆ ಎಸಳುಗಳು ಮಾಯವಾಗಿ ತೊಟ್ಟೇ ಅಗಲವಾಗುತ್ತ ಬರುತ್ತದೆ. ಕೆಲವು ಸಸಿಗಳಲ್ಲಿ ಅರ್ಧ ಅಗಲವಾದ ತೊಟ್ಟಿನ ತುದಿಗೆ ಎಸಳುಗಳು ಇನ್ನೂ ಅಂಟಿಕೊಂಡಿರುತ್ತವೆ. ದೊಡ್ಡ ಮರದಲ್ಲಿ ನಾವು ಎಲೆ ಎಂದು ಕರೆಯುವುದು ಬರೀ ತೊಟ್ಟು. ಹುಲ್ಲು, ಲಿಲ್ಲಿ ಮೊದಲಾದ ಏಕದಳ ಸಸ್ಯಗಳ ಎಲೆಯೂ ಹೀಗೆಯೇ ತೊಟ್ಟು ಮತ್ತು ಬುಡದ ಭಾಗಗಳಿಂದ ಆದದ್ದು ಎಂದು ಆರ್ಬರ್ ವಾದಿಸಿದರು. ಇನ್ನು ಕಾಡುಬಸಳೆ. ಅದರ ಎಲೆಯನ್ನು ನೆಲಕ್ಕೆ ಹಾಕಿದರೆ ಅಂಚಿನಿಂದ ಬೇರು ಸಮೇತ ಮರಿಗಿಡಗಳು ಏಳುತ್ತವೆ. ಎಲೆ ಎಲ್ಲಿ ಮುಗಿಯಿತು, ಗಿಡ ಎಲ್ಲಿ ಶುರುವಾಯಿತು?

ಜರ್ಮನ್ ಕವಿ ಗಯಟೆ 1790ರಲ್ಲೇ ಗಿಡದ ಅಂಗಾಂಗಗಳೆಲ್ಲ ಎಲೆಯ ರೂಪಾಂತರಗಳು ಎಂದಿದ್ದ. ಆ ಬರಹವನ್ನು ಇಂಗ್ಲಿಷಿಗೆ ತಂದವರಲ್ಲಿ ಆರ್ಬರ್ ಒಬ್ಬರು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಎಲೆ ಅಪೂರ್ಣವಾದ ಒಂದು ಚಿಗುರುಕೊಂಬೆ, ಪೂರ್ಣ ಕೊಂಬೆಯಾಗುವ ತುಡಿತ ಅದರೊಳಗೇ ಇದೆ ಎಂದರು. ಭಾಗಕ್ಕೆ ಪೂರ್ಣವಾಗುವ ತುಡಿತ! ಈ ಮಾತು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಎಷ್ಟೋ ವರ್ಷಗಳ ನಂತರ ವಂಶವಾಹಿಗಳನ್ನು ಅಭ್ಯಾಸ ಮಾಡಿದವರು, ಟೊಮೆಟೊದಂಥ ಗಿಡಗಳ ಸಂಯುಕ್ತ ಎಲೆ ರೂಪುಗೊಳ್ಳುವಾಗ ಚಿಗುರಿನ ತುದಿಯಲ್ಲಿ ಕೆಲಸ ಮಾಡುವ ವಂಶವಾಹಿಗಳೇ ಎಲೆಯಲ್ಲೂ ಎಚ್ಚರವಾಗಿರುವುದನ್ನು ಕಂಡರು. ಇದರಿಂದ ಆರ್ಬರ್ ಅವರ ಅಧ್ಯಾತ್ಮ ಸಾಬೀತಾಯಿತು ಎಂದು ಹೇಳುವುದು ತಪ್ಪಾಗುತ್ತದೆ. ವಂಶವಾಹಿ ಬ್ರಹ್ಮಕ್ಕೆ ಸಾಕ್ಷಿ ಹೇಳುವುದಿಲ್ಲ. ಅವರು ಎಲೆಯನ್ನು ಸರಿಯಾಗಿ ನೋಡಿದ್ದರು ಎಂಬುದಕ್ಕೆ ಮಾತ್ರ ಅದು ಸಾಕ್ಷಿ, ನನಗೆ ಅಷ್ಟು ಸಾಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ರಯೋಗದ ಸಾಮಗ್ರಿ ಸಿಗುವುದು ಕಷ್ಟವಾಗಿ ಆರ್ಬರ್ ಸೂಕ್ಷ್ಮದರ್ಶಕದ ಕೆಲಸವನ್ನು ನಿಲ್ಲಿಸಿದರು. ಸಸ್ಯರೂಪದ ತತ್ತ್ವಶಾಸ್ತ್ರವನ್ನು ಕುರಿತ ಪುಸ್ತಕವನ್ನು 1950ರಲ್ಲಿ, ಜೀವಶಾಸ್ತ್ರಜ್ಞರ ನೋಟ ಮತ್ತು ಮನಸ್ಸನ್ನು ಕುರಿತದ್ದನ್ನು 1954ರಲ್ಲಿ ಬರೆದರು. ಕೊನೆಯದು 1957ರಲ್ಲಿ ಬಂದ 'ದಿ ಮ್ಯಾನಿಫೋಲ್ಡ್ ಅಂಡ್ ದಿ ಒನ್'. ಅನೇಕ ಮತ್ತು ಏಕ, ಅಷ್ಟೇ ಅದರ ವಿಷಯ. ಅಲ್ಲಿ ಕ್ರೈಸ್ತ ಅನುಭಾವಿಗಳ ಜೊತೆಗೆ ಹಿಂದೂ, ಬೌದ್ಧ, ತಾವೋ ಚಿಂತನೆಗಳೂ ಕೂಡಿ ಬರುತ್ತವೆ. ಆಗ ಅವರಿಗೆ 78 ವರ್ಷ.

ಬಾಗಿಲುಗಳು ಮುಚ್ಚಿದ್ದರಿಂದ ಅವರು ಅಧ್ಯಾತ್ಮಕ್ಕೆ ಹೊರಳಿದರು ಎಂದು ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ಹೆಂಗಸಿನ ಅಧ್ಯಾತ್ಮವನ್ನೆಲ್ಲ ನಿರಾಶೆಯ ಲೆಕ್ಕಕ್ಕೆ ಬರೆಯುವ ಚಾಳಿ ನಮ್ಮಲ್ಲೂ ಇದೆ. ಅಕ್ಕಮಹಾದೇವಿಯನ್ನೂ ಜನ ಬಿಟ್ಟಿಲ್ಲ. ಎಲೆಯೊಳಗೆ ಕೊಂಬೆಯನ್ನು ಕಂಡ ಕಣ್ಣಿಗೆ ಅನೇಕದೊಳಗೆ ಏಕವನ್ನು ಹುಡುಕುವುದು ಹೊಸ ಕಸುಬೇನೂ ಆಗಿರಲಿಲ್ಲ.

ನನ್ನ ಓದಿಗೆ ಆರ್ಬರ್ ಏಕಕ್ಕಾಗಿ ಅನೇಕವನ್ನು ಬಲಿಕೊಟ್ಟವರಲ್ಲ. ದೊಡ್ಡಪ್ಪನ ಅದ್ವೈತಕ್ಕಿಂತ, ಈ ಜಗತ್ತು ನಿಜ, ಇದು ಭಗವಂತನ ಶರೀರ ಎಂದ ಮೇಲುಕೋಟೆಯ ರಾಮಾನುಜರಿಗೆ ಅವರು ಹತ್ತಿರ ಎಂದು ನನಗೆ ಅನಿಸುತ್ತದೆ. ಶರೀರವನ್ನು ನೋಡದೆ ಶರೀರಿಯನ್ನು ಬಲ್ಲೆ ಎನ್ನುವುದು ಹೇಗೆ? ಇದನ್ನು ನಾನು ಹೇಳಿದಾಗ ದೊಡ್ಡಪ್ಪ ಛಾಂದೋಗ್ಯ ಉಪನಿಷತ್ತನ್ನು ತೆಗೆದರು. ಉದ್ದಾಲಕ ಮಗ ಶ್ವೇತಕೇತುವಿನಿಂದ ಆಲದ ಹಣ್ಣು ತರಿಸುತ್ತಾನೆ. ಒಡೆಸುತ್ತಾನೆ. ಕಾಳನ್ನೂ ಒಡೆಸುತ್ತಾನೆ. ಏನು ಕಾಣುತ್ತದೆ ಎಂದರೆ ಮಗ ಏನೂ ಇಲ್ಲ ಎನ್ನುತ್ತಾನೆ. ಆ ಕಾಣದ ಸೂಕ್ಷ್ಮದಿಂದಲೇ ಇಷ್ಟು ದೊಡ್ಡ ಮರ ನಿಂತಿದೆ ಎಂದು ತಂದೆ ಹೇಳಿಕೊಡುತ್ತಾನೆ. "ನೋಡು, ಕೊನೆಗೆ ಉಳಿದದ್ದು ಕಾಣದ್ದೇ" ಎಂದರು ದೊಡ್ಡಪ್ಪ. ನಿಜ. ಆದರೆ ಉದ್ದಾಲಕ ಶ್ವೇತಕೇತುವಿಗೆ ಕಣ್ಣು ಮುಚ್ಚು ಎನ್ನಲಿಲ್ಲ. ಹಣ್ಣು ತಾ, ಒಡೆ, ನೋಡು, ಕಂಡದ್ದನ್ನು ಹೇಳು ಎಂದ. ಏನೂ ಇಲ್ಲ ಎಂಬ ಮಾತಿಗೆ ಅಲ್ಲಿ ಬೆಲೆ ಬಂದದ್ದು ನೋಡಿ ಹೇಳಿದ್ದರಿಂದ. ನೋಡದೆಯೇ ಎಲ್ಲ ಒಂದೇ ಎನ್ನುವವನಿಗೆ ಒಂದೂ ಸಿಕ್ಕಿಲ್ಲ, ಹಲವೂ ಸಿಕ್ಕಿಲ್ಲ.

ದೊಡ್ಡಪ್ಪ ನನ್ನ ಮಾತನ್ನು ಪೂರ್ತಿ ಒಪ್ಪಲಿಲ್ಲ. ನಾಮರೂಪ ಏಣಿ ಮಾತ್ರ, ಏರಿದ ಮೇಲೆ ಬಿಡಲೇಬೇಕು ಎಂದೇ ಅವರು ನಂಬಿದ್ದರು. ಆರ್ಬರ್ 1960ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೆ ಕೇಂಬ್ರಿಜ್‌ನಲ್ಲೇ ಇದ್ದರು. ಅವರು ಏಣಿಯನ್ನು ಬಿಟ್ಟರೋ ಇಲ್ಲವೋ, ಅದರ ಪ್ರತಿ ಮೆಟ್ಟಿಲನ್ನೂ ಅವರಷ್ಟು ಪ್ರೀತಿಯಿಂದ ನೋಡಿದವರು ವಿರಳ. ಉಪನಿಷತ್ ಪಾಠ ಹೇಳುವವರಲ್ಲಿ ನನ್ನದೊಂದು ಬೇಡಿಕೆ ಇದೆ. ಮುಂದಿನ ಸಲ ಶ್ವೇತಕೇತುವಿನ ಕಥೆ ಬಂದಾಗ ಪಾಠಕ್ಕೆ ಮಾಗಿದ ಆಲದ ಹಣ್ಣುಗಳನ್ನು ತನ್ನಿ, ಜೊತೆಗೆ ಒಂದು ಬ್ಲೇಡು, ಒಂದು ಭೂತಕನ್ನಡಿ. ಹಣ್ಣು ಎಂದು ನಾವು ಕರೆಯುವ ಆ ಕೆಂಪು ಗುಂಡಿನೊಳಗೆ ನೂರಾರು ಪುಟ್ಟ ಹೂವುಗಳಿರುತ್ತವೆ. ಮಕ್ಕಳು ಅದನ್ನು ಮೊದಲು ನೋಡಲಿ, ಮಂತ್ರವನ್ನು ಆಮೇಲೆ ಹೇಳಿಕೊಡಿ.